ಅಕ್ಕಿ ರೊಟ್ಟಿ ಒಡೆಯುವುದೇಕೆ? ಉಕ್ಕರಿಸಿದ ಹಿಟ್ಟಿನ ದೋಷ ನಿವಾರಣೆ

ತೀರ್ಥಹಳ್ಳಿ ಸೀಮೆಯ ನಮ್ಮ ಮನೆಯಲ್ಲಿ ವಾರಕ್ಕೆ ನಾಲ್ಕು ದಿನವಾದರೂ ಬೆಳಗಿನ ತಿಂಡಿಗೆ ಅಕ್ಕಿ ರೊಟ್ಟಿ ಆಗಲೇಬೇಕು. ಕುದಿಯುವ ನೀರಿಗೆ ಹಿಟ್ಟು ಸುರಿದು, ಮುಚ್ಚಿ ಬೇಯಿಸಿ, ಕೋಲಿನಿಂದ ತಿರುವಿ (ಇದನ್ನೇ ಉಕ್ಕರಿಸುವುದು ಎನ್ನುತ್ತೇವೆ), ಬಿಸಿಯಿರುವಾಗಲೇ ನಾದಿ, ಮಣೆಯ ಮೇಲೆ ತಟ್ಟಿ, ಕಾವಲಿಯಲ್ಲಿ ಅರೆಬೇಯಿಸಿ, ಕೆಂಡದ ಮೇಲೆ ಉಬ್ಬಿಸುವ ಈ ರೊಟ್ಟಿಗೆ ಬೇಕಾದ ಸಾಮಗ್ರಿ ಅಕ್ಕಿ ಹಿಟ್ಟು, ನೀರು, ಉಪ್ಪು ಇಷ್ಟೇ. ಮೂರೇ ಸಾಮಗ್ರಿಯ ತಿಂಡಿಯಾದ್ದರಿಂದ ಇದು ಸುಲಭವೆಂದು ತೋರುತ್ತದೆ. ಆದರೆ ಅದೇ ಕಾರಣಕ್ಕೆ ದೋಷವನ್ನು ಮುಚ್ಚಿಹಾಕಲು ಮಸಾಲೆಯೂ ಇಲ್ಲ, ಎಣ್ಣೆಯೂ ಇಲ್ಲ. ಹದ ತಪ್ಪಿದರೆ ಅಂಚು ಸೀಳುತ್ತದೆ, ಮಣೆಯಿಂದ ಎತ್ತುವಾಗ ಹರಿಯುತ್ತದೆ, ಕೆಂಡದ ಮೇಲೆ ಚಪ್ಪಟೆಯಾಗಿಯೇ ಉಳಿಯುತ್ತದೆ, ತಟ್ಟೆಗೆ ಬರುವಷ್ಟರಲ್ಲಿ ಹಪ್ಪಳದಂತೆ ಬಿರುಸಾಗುತ್ತದೆ.

ಮದುವೆಯಾಗಿ ಬಂದ ಮೊದಲ ವರ್ಷಗಳಲ್ಲಿ ಈ ನಾಲ್ಕೂ ದೋಷಗಳನ್ನು ನಾನು ಅನುಭವಿಸಿದೆ. ಆಗ ಒಬ್ಬೊಬ್ಬರು ಒಂದೊಂದು ಕಾರಣ ಹೇಳಿದರು: ಹಿಟ್ಟು ಸರಿಯಿಲ್ಲ, ನೀರು ಸಾಲದು, ಮಳೆಗಾಲದ ಥಂಡಿ, ಗಿರಣಿಯ ಕಲ್ಲು ಸವೆದಿದೆ, ಕೈಗುಣ. ಆಮೇಲೆ ಒಂದು ಸಮಯಕ್ಕೆ ಒಂದೇ ಸಂಗತಿಯನ್ನು ಬದಲಿಸಿ, ಉಳಿದದ್ದನ್ನೆಲ್ಲ ಹಾಗೆಯೇ ಇಟ್ಟು, ಫಲವನ್ನು ಬರೆದಿಟ್ಟುಕೊಳ್ಳುತ್ತ ಬಂದೆ. ಕೆಳಗಿರುವುದು ಆ ಟಿಪ್ಪಣಿಗಳಿಂದ ಮೂಡಿದ್ದು. ಇದರಲ್ಲಿ ನಾನು ಒತ್ತಿ ಹೇಳಬೇಕಾದ ಮಾತೆಂದರೆ, ಕಾವಲಿಯ ಮೇಲೆ ಕಾಣುವ ದೋಷ ಬಹುಪಾಲು ಕಾವಲಿಯಲ್ಲಿ ಹುಟ್ಟಿದ್ದಲ್ಲ, ಉಕ್ಕರಿಸುವ ಪಾತ್ರೆಯಲ್ಲಿ ಹುಟ್ಟಿದ್ದು. ಬಿರುಕು ಕಂಡ ತಕ್ಷಣ ನೀರು ಸೇರಿಸುವ ನಮ್ಮೆಲ್ಲರ ಅಭ್ಯಾಸ, ಅದರಲ್ಲೂ ಬೇಯದ ಹಿಟ್ಟಿನ ವಿಷಯದಲ್ಲಿ, ದೋಷವನ್ನು ಸರಿಪಡಿಸುವ ಬದಲು ಹೆಚ್ಚಿಸುತ್ತದೆ.

ಮೊದಲು ಉಂಡೆಯನ್ನು ಪರೀಕ್ಷಿಸಿ

ರೊಟ್ಟಿ ಒಡೆಯಿತೆಂದು ಕಾವಲಿಯ ಉರಿಯನ್ನು ಹೆಚ್ಚು ಕಡಿಮೆ ಮಾಡುತ್ತ ಕೂರಬೇಡಿ. ನಾದಿದ ಹಿಟ್ಟಿನಿಂದ ನಿಂಬೆ ಗಾತ್ರದ ಒಂದು ಉಂಡೆ ತೆಗೆದು, ಎರಡು ಅಂಗೈಗಳ ನಡುವೆ ಅರ್ಧ ಬೆರಳಿನ ದಪ್ಪಕ್ಕೆ ಒತ್ತಿ, ಅದರ ಅಂಚನ್ನು ಬೆಳಕಿಗೆ ಹಿಡಿದು ನೋಡಿ. ಹದವಾದ ಹಿಟ್ಟಿನ ಅಂಚು ನುಣುಪಾಗಿರುತ್ತದೆ, ಹೆಚ್ಚೆಂದರೆ ಒಂದೆರಡು ಕೂದಲೆಳೆಯ ಗೆರೆಗಳಿರಬಹುದು. ಒತ್ತಿದ ಬೆರಳಿನ ಗುರುತು ಹಾಗೆಯೇ ನಿಲ್ಲುತ್ತದೆ, ಆದರೆ ಹಿಟ್ಟು ಬೆರಳಿಗೆ ಮೆತ್ತುವುದಿಲ್ಲ.

ಅಂಚಿನ ಸುತ್ತಲೂ ಆಳವಾದ ಸೀಳುಗಳು ಮೂಡಿದರೆ ಹಿಟ್ಟು ಒಣಗಿದೆ ಅಥವಾ ಬೆಂದಿಲ್ಲ. ಅಂಚು ಚೆನ್ನಾಗಿದ್ದು ನಡುವೆ ಎಲ್ಲೋ ಒಂದು ಕಡೆ ಬಿಳಿಯ ಚುಕ್ಕೆ ಕಂಡು ಅಲ್ಲಿಯೇ ಬಾಯಿಬಿಟ್ಟರೆ ಒಣ ಹಿಟ್ಟಿನ ಗಂಟು ಉಳಿದಿದೆಯೆಂದು ಅರ್ಥ. ನಾದುವುದು ಸಾಲದು, ಅಷ್ಟೇ. ಬಿಸಿ ಆರುವ ಮೊದಲು ಇನ್ನೂ ಮೂರು ನಾಲ್ಕು ನಿಮಿಷ ಅಂಗೈಯ ಬುಡದಿಂದ ಒತ್ತಿ ಒತ್ತಿ ನಾದಿದರೆ ಗಂಟು ಕರಗುತ್ತದೆ. ಉಂಡೆ ಅಂಗೈಗೆ ಅಂಟಿ ಎಳೆ ಎಳೆಯಾಗಿ ಏಳುವುದಾದರೆ ನೀರು ಹೆಚ್ಚಾಗಿದೆ, ಇಲ್ಲವೇ ಅಕ್ಕಿ ಹೊಸತು.

ಈ ಮೂರರಲ್ಲಿ ತಬ್ಬಿಬ್ಬು ಮಾಡುವುದು ಮೊದಲನೆಯದು. ಒಣಗಿದ ಹಿಟ್ಟೂ ಸೀಳುತ್ತದೆ, ಬೇಯದ ಹಿಟ್ಟೂ ಸೀಳುತ್ತದೆ, ಕಣ್ಣಿಗೆ ಎರಡೂ ಒಂದೇ ರೀತಿ ಕಾಣುತ್ತವೆ. ಇವೆರಡನ್ನು ಬೇರ್ಪಡಿಸಲು ಎರಡು ಉಂಡೆಗಳು ಸಾಕು. ಒಂದು ಉಂಡೆಗೆ ಒದ್ದೆ ಕೈಯಿಂದ ಎರಡು ನಿಮಿಷ ನಾದಿ. ಅದು ಕೂಡಲೇ ಒಗ್ಗೂಡಿ ನುಣುಪಾದರೆ ನೀರಿನ ಕೊರತೆಯಿತ್ತೆಂದು ತಿಳಿಯಿರಿ. ಇಡೀ ಮುದ್ದೆಗೆ ಬಿಸಿನೀರು ಚಿಮುಕಿಸಿ ನಾದಿದರೆ ಅಲ್ಲಿಗೆ ಕೆಲಸ ಮುಗಿಯಿತು. ಹಾಗಲ್ಲದೆ ಮೇಲ್ಮೈ ಅಂಟು ಅಂಟಾಗಿ, ಒತ್ತಿದರೆ ಮಾತ್ರ ಮೊದಲಿನಂತೆಯೇ ಸೀಳಿದರೆ, ಅದು ಬೇಯದ ಹಿಟ್ಟು. ಆಗ ಎರಡನೆಯ ಉಂಡೆಯನ್ನು ನೀರು ಮುಟ್ಟಿಸದೆ ಇಡ್ಲಿ ಪಾತ್ರೆಯ ಹಬೆಯಲ್ಲಿ ಐದಾರು ನಿಮಿಷ ಇಟ್ಟು ತೆಗೆದು ನಾದಿ ನೋಡಿ. ಒಂದು ಹನಿ ನೀರನ್ನೂ ಸೇರಿಸದೆ ಅದು ಹದಕ್ಕೆ ಬರುತ್ತದೆ. ಈ ಪರೀಕ್ಷೆಯನ್ನು ಮೊದಲ ಸಲ ಮಾಡಿ ನೋಡಿದ ದಿನ, ಅದುವರೆಗೆ ಎಷ್ಟು ಬೆಳಗುಗಳಲ್ಲಿ ಬೇಯದ ಹಿಟ್ಟಿಗೆ ನೀರು ಸುರಿದು ಅಂಟು ಮಾಡಿಕೊಂಡಿದ್ದೆನೋ ಎಂದು ನನಗೆ ಅರಿವಾಯಿತು.

ಬೇಯುವುದೆಂದರೆ ಏನಾಗುವುದು

ಗೋಧಿ ಹಿಟ್ಟನ್ನು ತಣ್ಣೀರಿನಲ್ಲಿ ಕಲಸಿದರೂ ಲಟ್ಟಿಸಲು ಬರುತ್ತದೆ, ಏಕೆಂದರೆ ಗೋಧಿಯಲ್ಲಿ ಗ್ಲುಟೆನ್ ಎಂಬ ಜಿಗುಟಾದ ಪ್ರೋಟೀನಿನ ಜಾಲ ಕಟ್ಟಿಕೊಳ್ಳುತ್ತದೆ. ಅಕ್ಕಿಯಲ್ಲಿ ಅದಿಲ್ಲ. ಅಕ್ಕಿ ಹಿಟ್ಟನ್ನು ಹಿಡಿದಿಡುವ ಅಂಟು ಅದರ ಪಿಷ್ಟವೇ, ಆ ಪಿಷ್ಟ ಅಂಟಾಗುವುದು ನೀರು ಮತ್ತು ಶಾಖ ಎರಡೂ ಒಟ್ಟಿಗೆ ಸಿಕ್ಕಾಗ ಮಾತ್ರ. ಅಕ್ಕಿಯ ತಳಿಗೆ ತಕ್ಕಂತೆ ಸುಮಾರು 55ರಿಂದ 79 ಡಿಗ್ರಿ ಸೆಲ್ಸಿಯಸ್ ನಡುವೆ ಪಿಷ್ಟದ ಕಣಗಳು ನೀರು ಕುಡಿದು ಊದಿ, ಬಿರಿದು, ಒಂದಕ್ಕೊಂದು ಹೊಂದಿಕೊಳ್ಳುತ್ತವೆ. ಆ ಶಾಖ ಮುಟ್ಟದ ಕಣ ನೀರಿನಲ್ಲಿ ನೆನೆದ ಮರಳಿನ ಕಾಳಿನಂತೆ ಒಂಟಿಯಾಗಿಯೇ ಇರುತ್ತದೆ. ಅದರ ಸುತ್ತ ಎಷ್ಟು ನೀರು ಸುರಿದರೂ ಅದು ಪಕ್ಕದ ಕಣವನ್ನು ಹಿಡಿಯುವುದಿಲ್ಲ. ಸುರಿದ ನೀರೆಲ್ಲ ಈಗಾಗಲೇ ಬೆಂದ ಭಾಗವನ್ನು ಇನ್ನಷ್ಟು ಜಿಗುಟು ಮಾಡುತ್ತದೆ. ಅಂಟೂ ಆಗಿ ಸೀಳೂ ಬಿಡುವ ಹಿಟ್ಟಿನ ಒಗಟು ಇಲ್ಲಿ ಬಿಡಿಸಿಕೊಳ್ಳುತ್ತದೆ.

ಇದನ್ನು ಖಚಿತಪಡಿಸಿಕೊಳ್ಳಲು ಒಂದೇ ಡಬ್ಬಿಯ ಹಿಟ್ಟನ್ನು, ಒಂದೇ ತೂಕದ ನೀರನ್ನು ಬಳಸಿ ಒಂದೇ ಬೆಳಿಗ್ಗೆ ಮೂರು ಪಾತ್ರೆಗಳಲ್ಲಿ ಉಕ್ಕರಿಸಿದೆ. ಮೊದಲನೆಯದರಲ್ಲಿ ನೀರು ಕುದಿದ ಕೂಡಲೇ ಹಿಟ್ಟು ಹಾಕಿ, ಉರಿ ಆರಿಸಿ, ತಿರುವಿ ಮುಚ್ಚಿಟ್ಟೆ. ಎರಡನೆಯದರಲ್ಲಿ ಕುದಿಯುವ ನೀರಿನ ಮೇಲೆ ಹಿಟ್ಟನ್ನು ಗುಡ್ಡೆಯಾಗಿ ಸುರಿದು, ಕೋಲಿನ ತುದಿಯಿಂದ ನಡುವೆ ಒಂದು ತೂತು ಮಾಡಿ, ಮುಚ್ಚಿ, ಸಣ್ಣ ಉರಿಯಲ್ಲಿ ಐದು ನಿಮಿಷ ಬೇಯಲು ಬಿಟ್ಟು ಆಮೇಲೆ ತಿರುವಿದೆ. ಮೂರನೆಯದರಲ್ಲಿ ಕುದಿದ ನೀರನ್ನು ಒಲೆಯಿಂದ ಇಳಿಸಿ, ಎರಡು ನಿಮಿಷ ಬಿಟ್ಟು, ಹಿಟ್ಟು ಸೇರಿಸಿದೆ. ಅಡುಗೆಯ ಥರ್ಮಾಮೀಟರನ್ನು ರಾಶಿಯ ನಡುವೆ ಚುಚ್ಚಿ ನೋಡಿದಾಗ ಮೂರನೆಯದರಲ್ಲಿ 60 ಡಿಗ್ರಿಯೂ ಇರಲಿಲ್ಲ, ಮೊದಲನೆಯದರಲ್ಲಿ ಎಪ್ಪತ್ತರ ಆಸುಪಾಸು ಇತ್ತು, ಎರಡನೆಯದರಲ್ಲಿ 85 ದಾಟಿತ್ತು. ಮೂರನೆಯ ಹಿಟ್ಟಿನ ಉಂಡೆ ಒತ್ತಿದೊಡನೆ ನಾಲ್ಕು ಹೋಳಾಯಿತು. ಮೊದಲನೆಯದರಲ್ಲಿ ತಟ್ಟಿದ ರೊಟ್ಟಿಯ ಅಂಚು ಗರಗಸದ ಹಲ್ಲಿನಂತೆ ಸೀಳಿತು. ಎರಡನೆಯದರಲ್ಲಿ ತಟ್ಟಿದ್ದು ಅಂಗೈಯಗಲದಿಂದ ತಟ್ಟೆಯಗಲಕ್ಕೆ ಹರಡಿದರೂ ಅಂಚು ಒಡೆಯಲಿಲ್ಲ. ಅನಂತರ ಮೂರನೆಯ ಪಾತ್ರೆಯ ಹಿಟ್ಟನ್ನು ಬಿಸಾಡದೆ ಹಬೆಯಲ್ಲಿ ಹತ್ತು ನಿಮಿಷ ಬೇಯಿಸಿ ನಾದಿದೆ. ಅದರಿಂದಲೂ ಒಳ್ಳೆಯ ರೊಟ್ಟಿ ಬಂದಿತು.

ಗುಡ್ಡೆಯ ನಡುವೆ ಕೋಲಿನಿಂದ ತೂತು ಮಾಡುವ ಹಿರಿಯರ ಪದ್ಧತಿಯನ್ನು ನಾನು ಬಹುಕಾಲ ಬರಿಯ ರೂಢಿಯೆಂದು ತಿಳಿದಿದ್ದೆ. ಆ ತೂತಿನ ಮೂಲಕ ಕೆಳಗಿನ ನೀರು ಕುದಿಯುತ್ತ ಮೇಲೇರಿ ರಾಶಿಯ ಒಳಭಾಗಕ್ಕೆ ಶಾಖವನ್ನು ಒಯ್ಯುತ್ತದೆ. ತೂತಿಲ್ಲದಿದ್ದರೆ ತಳದಲ್ಲಿ ಗಂಜಿ ಕಟ್ಟಿ, ಮೇಲೆ ಹಸಿ ಹಿಟ್ಟು ಹಾಗೆಯೇ ಉಳಿಯುತ್ತದೆ. ಗ್ಯಾಸ್ ಒಲೆಯ ಮೇಲೆ ತೆಳು ತಳದ ಪಾತ್ರೆ ಇಡುವವರಿಗೆ ಇನ್ನೊಂದು ತೊಡಕಿದೆ: ತಳ ಹಿಡಿಯುವ ಭಯದಿಂದ ಎರಡೇ ನಿಮಿಷಕ್ಕೆ ಉರಿ ಆರಿಸುತ್ತಾರೆ. ದಪ್ಪ ತಳದ ಪಾತ್ರೆಯಲ್ಲಿ ಅತಿ ಸಣ್ಣ ಉರಿಯಿಟ್ಟರೆ, ಅಥವಾ ಪಾತ್ರೆಯ ಕೆಳಗೆ ಹಳೆಯ ಕಾವಲಿಯೊಂದನ್ನು ಇಟ್ಟರೆ, ಐದು ನಿಮಿಷ ನಿರಾತಂಕವಾಗಿ ಬೇಯುತ್ತದೆ. ಕುಕ್ಕರಿನ ಪಾತ್ರೆಯನ್ನು ಮುಚ್ಚಳ ಬಿಗಿಯದೆ ಬಳಸುವುದೂ ಅನುಕೂಲ.

ಶಿವಮೊಗ್ಗ ಪಟ್ಟಣ ಸಮುದ್ರಮಟ್ಟದಿಂದ ಸುಮಾರು 570 ಮೀಟರ್ ಎತ್ತರದಲ್ಲಿದೆ, ಅಲ್ಲಿ ನೀರು 98 ಡಿಗ್ರಿಯ ಸುಮಾರಿಗೆ ಕುದಿಯುತ್ತದೆ. ಈ ಎರಡು ಡಿಗ್ರಿಯ ಕೊರತೆಯೇ ಕಾರಣವೇನೋ ಎಂದು ನಾನು ಒಮ್ಮೆ ಯೋಚಿಸಿದ್ದುಂಟು. ಪಿಷ್ಟ ಬೇಯಲು 80 ಡಿಗ್ರಿ ಸಾಕಾಗಿರುವಾಗ ಅದಕ್ಕೂ ರೊಟ್ಟಿಗೂ ಸಂಬಂಧವಿಲ್ಲ. ಆ ದಾರಿಯಲ್ಲಿ ಹುಡುಕುವ ಅಗತ್ಯವಿಲ್ಲ.

ನೀರಿನ ಲೆಕ್ಕ ಎಲ್ಲಿ ತಪ್ಪುತ್ತದೆ

ಹಿಟ್ಟು ಬೆಂದಿದೆ, ಆದರೂ ಒಣಗಿದೆ ಅಥವಾ ಅಂಟಾಗಿದೆ ಎಂದು ಉಂಡೆಯ ಪರೀಕ್ಷೆ ಹೇಳಿದರೆ ಆಗ ನೀರಿನ ಲೆಕ್ಕಕ್ಕೆ ಬನ್ನಿ. ಒಂದು ಲೋಟ ಹಿಟ್ಟಿಗೆ ಒಂದು ಲೋಟ ನೀರು ಎಂಬುದು ನಮ್ಮ ಕಡೆಯ ರೂಢಿಯ ಅಳತೆ, ಅದು ಒಳ್ಳೆಯ ಅಳತೆಯೇ. ತೊಡಕು ಲೋಟದಲ್ಲಿದೆ. ಅದೇ ಲೋಟಕ್ಕೆ ಜರಡಿ ಹಿಡಿದ ಹಿಟ್ಟನ್ನು ಹಗುರವಾಗಿ ತುಂಬಿದರೆ ಬರುವ ತೂಕಕ್ಕೂ, ಡಬ್ಬಿಯಲ್ಲಿ ಒತ್ತಿ ಕೂತ ಹಿಟ್ಟನ್ನು ತಟ್ಟಿ ತಟ್ಟಿ ತುಂಬಿದರೆ ಬರುವ ತೂಕಕ್ಕೂ 240 ಮಿಲಿಲೀಟರ್ ಲೋಟದಲ್ಲಿ 30 ಗ್ರಾಂ ಮೀರಿ ವ್ಯತ್ಯಾಸ ಬರುತ್ತದೆ. ತಕ್ಕಡಿ ಇದ್ದವರು 100 ಗ್ರಾಂ ಹಿಟ್ಟಿಗೆ 140ರಿಂದ 150 ಗ್ರಾಂ ನೀರು ಎಂದು ಇಟ್ಟುಕೊಳ್ಳಿ, ನಂತರ ನಿಮ್ಮ ಮನೆಯ ಅಕ್ಕಿಗೆ ತಕ್ಕಂತೆ ಐದೈದು ಗ್ರಾಂ ಹೊಂದಿಸಿಕೊಳ್ಳಿ.

ಇದಕ್ಕಿಂತ ದೊಡ್ಡ ಕಳವು ಆವಿಯದು. ಎರಡು ಲೋಟ ನೀರನ್ನು ಅಗಲ ಬಾಯಿಯ ಪಾತ್ರೆಯಲ್ಲಿ ಕುದಿಯಲು ಬಿಟ್ಟು, ಮಕ್ಕಳನ್ನು ಎಬ್ಬಿಸಿ ಬರುವಷ್ಟರಲ್ಲಿ ಐದು ನಿಮಿಷ ಕಳೆದಿರುತ್ತದೆ. ಹಾಗೆ ಕುದಿಸಿದ ಪಾತ್ರೆಯನ್ನು ತಕ್ಕಡಿಯ ಮೇಲಿಟ್ಟು ನೋಡಿದಾಗ 100 ಗ್ರಾಂ ನೀರು ಹೋಗಿಯೇಬಿಟ್ಟಿತ್ತು. ಅಳತೆ ತಪ್ಪಿಲ್ಲವೆಂದು ನಾವು ನಂಬಿರುತ್ತೇವೆ, ಹಿಟ್ಟು ಮಾತ್ರ ಒಣಗಿರುತ್ತದೆ. ಆದ್ದರಿಂದ ಮುಚ್ಚಿ ಕುದಿಸಿ, ಕುದಿ ಬಂದ ಕ್ಷಣವೇ ಹಿಟ್ಟು ಹಾಕಿ. ಹೊತ್ತಾಯಿತೆಂದು ಅನಿಸಿದರೆ ಇನ್ನೊಂದು ಪಾತ್ರೆಯಲ್ಲಿ ಬಿಸಿನೀರನ್ನು ಇಟ್ಟುಕೊಂಡಿದ್ದು, ನಾದುವಾಗ ಚಿಮುಕಿಸಿಕೊಳ್ಳಿ.

ಇನ್ನು ಮಳೆಗಾಲದ ಥಂಡಿ. ಆಗುಂಬೆಯಲ್ಲಿ ವರ್ಷಕ್ಕೆ ಸರಾಸರಿ 7000 ಮಿಲಿಮೀಟರಿಗೂ ಮೀರಿ ಮಳೆ ಬೀಳುತ್ತದೆ, ಅದರ ಸುತ್ತಮುತ್ತಲ ನಮ್ಮ ಊರುಗಳಲ್ಲಿಯೂ ಆಷಾಢದಲ್ಲಿ ಗೋಡೆಗಳೇ ಬೆವರುತ್ತವೆ. ಹಾಗಾಗಿ ಹಿಟ್ಟು ನೀರು ಕುಡಿದಿದೆ, ಅದಕ್ಕೇ ರೊಟ್ಟಿ ಕೆಡುತ್ತದೆ ಎಂಬ ಮಾತು ಪ್ರತಿ ಮನೆಯಲ್ಲಿಯೂ ಇದೆ. ಲೆಕ್ಕ ಹಾಕಿ ನೋಡಿದರೆ ಅದು ನಿಲ್ಲುವುದಿಲ್ಲ. ಚೆನ್ನಾಗಿ ಒಣಗಿದ ಹಿಟ್ಟಿನಲ್ಲಿ ನೂರಕ್ಕೆ 12 ಭಾಗ ತೇವವಿದೆ, ಮಳೆಗಾಲದಲ್ಲಿ ಅದು 15ಕ್ಕೆ ಏರಿತು ಎಂದಿಟ್ಟುಕೊಳ್ಳೋಣ. 150 ಗ್ರಾಂ ಹಿಟ್ಟಿನಲ್ಲಿ ಹೆಚ್ಚಾದ ನೀರು ಹತ್ತಿರ ಹತ್ತಿರ ಐದು ಗ್ರಾಂ, ಅಂದರೆ ಒಂದು ಟೀ ಚಮಚ. ಆವಿಯಾಗಿ ಹೋಗುವ ನೀರಿನ ಮುಂದೆ ಇದು ಏನೂ ಅಲ್ಲ. ಮಳೆಗಾಲ ಮಾಡುವ ಕೇಡು ಬೇರೆ: ಹಿಟ್ಟು ಗಂಟು ಕಟ್ಟುತ್ತದೆ, ಪಾತ್ರೆ ಮತ್ತು ಹಿಟ್ಟು ಎರಡೂ ತಣ್ಣಗಿದ್ದು ಕುದಿನೀರಿನ ಶಾಖವನ್ನು ಹೀರಿಕೊಳ್ಳುತ್ತವೆ, ನಾದುವ ಮೊದಲೇ ಮುದ್ದೆ ಆರುತ್ತದೆ. ಹಾಗಾಗಿ ಮಳೆಗಾಲದ ಪರಿಹಾರ ನೀರು ಕಡಿಮೆ ಮಾಡುವುದಲ್ಲ. ಹಿಟ್ಟನ್ನು ಜರಡಿ ಹಿಡಿದು, ಎರಡು ನಿಮಿಷ ಹೆಚ್ಚು ಬೇಯಿಸಿ, ಮುದ್ದೆಯನ್ನು ಒದ್ದೆ ಬಟ್ಟೆಯಡಿ ಮುಚ್ಚಿಟ್ಟು, ಬೇಕಾದಷ್ಟನ್ನೇ ಹೊರಗೆ ತೆಗೆದು ನಾದುವುದು. ಈ ಒಂದು ತಿದ್ದುಪಡಿಯಿಂದ ನನ್ನ ಜುಲೈ ತಿಂಗಳ ರೊಟ್ಟಿಗೂ ಏಪ್ರಿಲ್ ತಿಂಗಳ ರೊಟ್ಟಿಗೂ ವ್ಯತ್ಯಾಸವೇ ಇಲ್ಲದಂತಾಯಿತು.

ಅಕ್ಕಿಯ ವಯಸ್ಸು, ಹಿಟ್ಟಿನ ನಯ

ನಮ್ಮ ಕಡೆ ಭತ್ತದ ಕೊಯ್ಲು ನವೆಂಬರ್, ಡಿಸೆಂಬರಿನಲ್ಲಿ ಮುಗಿಯುತ್ತದೆ. ಸಂಕ್ರಾಂತಿಯ ಹೊತ್ತಿಗೆ ಮನೆಗೆ ಬರುವ ಹಿಟ್ಟು ಹೊಸ ಅಕ್ಕಿಯದು. ಹೊಸ ಅಕ್ಕಿ ಕಡಿಮೆ ನೀರು ಹಿಡಿಯುತ್ತದೆ, ಬೇಗ ಮೆತ್ತಗಾಗುತ್ತದೆ, ಅಂಟಾಗುತ್ತದೆ. ಆರು ತಿಂಗಳು ಕಳೆದ ಅಕ್ಕಿ ಹೆಚ್ಚು ನೀರು ಬೇಡುತ್ತದೆ, ಬಿಡಿಬಿಡಿಯಾಗಿ ಬೇಯುತ್ತದೆ. ಒಂದು ಜನವರಿಯಲ್ಲಿ ಹದಿನೈದು ದಿನ ರೊಟ್ಟಿ ಮಣೆಗೆ ಮೆತ್ತಿಕೊಂಡಾಗ ನಾನು ಗಿರಣಿಯವರು ಬೇರೆಯವರ ಹಿಟ್ಟು ಬೆರೆಸಿಕೊಟ್ಟಿದ್ದಾರೆಂದು ಮನಸ್ಸಿನಲ್ಲಿಯೇ ದೂರಿದ್ದೆ. ಅಟ್ಟದ ಮೇಲೆ ಉಳಿದಿದ್ದ ಹಿಂದಿನ ವರ್ಷದ ಅಕ್ಕಿಯನ್ನು ಅದೇ ಗಿರಣಿಯಲ್ಲಿ ಬೀಸಿಸಿ ತಂದು ಉಕ್ಕರಿಸಿದಾಗ ರೊಟ್ಟಿ ಮೊದಲಿನಂತೆಯೇ ಬಂದಿತು. ತಪ್ಪು ಗಿರಣಿಯದಾಗಿರಲಿಲ್ಲ. ಹೊಸ ಅಕ್ಕಿಗೆ ನೂರು ಗ್ರಾಂ ಹಿಟ್ಟಿಗೆ 130 ಗ್ರಾಂ ನೀರಿನಿಂದ ಆರಂಭಿಸಿ, ಇಲ್ಲವೇ ಅರ್ಧ ಹಳೆಯದು ಅರ್ಧ ಹೊಸತು ಬೆರೆಸಿ ಬೀಸಿಸಿ.

ತಳಿಯ ವ್ಯತ್ಯಾಸವೂ ಇದೆ. ಪಿಷ್ಟದೊಳಗಿನ ಅಮೈಲೋಸ್ ಎಂಬ ಅಂಶ ಹೆಚ್ಚಿದ್ದಷ್ಟೂ ಹಿಟ್ಟು ಗಟ್ಟಿಯಾಗಿ ನಿಲ್ಲುತ್ತದೆ, ಕಡಿಮೆಯಿದ್ದಷ್ಟೂ ಜಿಗುಟಾಗುತ್ತದೆ. ಊಟಕ್ಕೆ ಮೃದುವಾಗಿ ಬೇಯುವ ಸಣ್ಣಕ್ಕಿಗಿಂತ ದಪ್ಪಕ್ಕಿ ರೊಟ್ಟಿಗೆ ಲೇಸೆಂದು ಹಳ್ಳಿಯಲ್ಲಿ ಹೇಳುವುದು ಇದಕ್ಕಾಗಿಯೇ ಇರಬೇಕು. ನನ್ನ ಅನುಭವವೂ ಅದನ್ನೇ ಹೇಳುತ್ತದೆ. ಕುಚ್ಚಲಕ್ಕಿಯ ಹಿಟ್ಟು ಈ ರೊಟ್ಟಿಗೆ ಒದಗುವುದಿಲ್ಲ, ಅದರ ಪಿಷ್ಟ ಒಮ್ಮೆ ಬೆಂದು ಒಣಗಿದ್ದಾದ್ದರಿಂದ ನೀರಿನ ಲೆಕ್ಕವೇ ಬೇರೆಯಾಗುತ್ತದೆ.

ಹಿಟ್ಟಿನ ನಯವನ್ನು ಬೆರಳುಗಳ ನಡುವೆ ಉಜ್ಜಿ ನೋಡಿ. ತರಿ ಸಿಕ್ಕರೆ ಅದು ಐದು ನಿಮಿಷದಲ್ಲಿ ಒಳಗಿನವರೆಗೆ ಬೇಯುವುದಿಲ್ಲ, ತಟ್ಟುವಾಗ ಅಲ್ಲಿಂದಲೇ ರೊಟ್ಟಿ ಹರಿಯುತ್ತದೆ. ಸಣ್ಣ ಕಣ್ಣಿನ ಜರಡಿ ಹಿಡಿದು ತರಿಯನ್ನು ಬೇರೆ ತೆಗೆದರೆ ಸಾಕು, ಆ ತರಿ ಗಂಜಿಗೆ ಆಗುತ್ತದೆ. ಅಕ್ಕಿಯನ್ನು ತೊಳೆದು, ಎರಡು ಗಂಟೆ ನೆನೆಸಿ, ನೆರಳಿನಲ್ಲಿ ಆರಿಸಿ ಬೀಸಿಸಿದ ಹಿಟ್ಟು ಹೆಚ್ಚು ನಯವಾಗಿರುತ್ತದೆ, ಆದರೆ ಅದನ್ನು ಚೆನ್ನಾಗಿ ಒಣಗಿಸದೆ ಡಬ್ಬಿಗೆ ತುಂಬಿದರೆ ವಾರದೊಳಗೆ ಮುಗ್ಗಲು ವಾಸನೆ ಬರುತ್ತದೆ. ಮುಗ್ಗಲು ಹಿಡಿದ ಹಿಟ್ಟನ್ನು ಹುರಿದು ಬಳಸುವ ಪ್ರಯತ್ನ ಬೇಡ. ಬೂಷ್ಟಿನ ವಿಷ ಶಾಖಕ್ಕೆ ಪೂರ್ತಿ ಹೋಗುವುದಿಲ್ಲ, ಎಸೆಯುವುದೇ ಸರಿ. ಕೆಂಪಕ್ಕಿಯ ಹಿಟ್ಟಿನಲ್ಲಿ ತೌಡಿನ ಎಣ್ಣೆಯಂಶ ಉಳಿದಿರುವುದರಿಂದ ಅದು ಬಿಳಿಯ ಹಿಟ್ಟಿಗಿಂತ ಬೇಗ ಕಮಟಾಗುತ್ತದೆ, ಅದನ್ನು ಹದಿನೈದು ದಿನಕ್ಕೆ ಬೇಕಾದಷ್ಟೇ ಬೀಸಿಸಿಕೊಳ್ಳುವುದು ಒಳ್ಳೆಯದು.

ಉಬ್ಬದ ರೊಟ್ಟಿ

ಉಂಡೆಯ ಪರೀಕ್ಷೆಯಲ್ಲಿ ಗೆದ್ದ ಹಿಟ್ಟು ಕೆಂಡದ ಮೇಲೆ ಉಬ್ಬದಿದ್ದರೆ ಆಗ ಮಾತ್ರ ಮಣೆ ಮತ್ತು ಕಾವಲಿಯನ್ನು ಶಂಕಿಸಿ. ಉಬ್ಬುವಿಕೆ ಎಂದರೆ ರೊಟ್ಟಿಯೊಳಗಿನ ನೀರು ಆವಿಯಾಗಿ ಎರಡು ಪದರಗಳನ್ನು ಬೇರ್ಪಡಿಸುವುದು. ನೀರು ಆವಿಯಾದಾಗ ತನ್ನ ಗಾತ್ರದ ಸುಮಾರು 1700 ಪಟ್ಟು ಹಿಗ್ಗುತ್ತದೆ, ಹಾಗಾಗಿ ಆವಿಗೆ ಕೊರತೆಯಿಲ್ಲ. ಕೊರತೆಯಾಗುವುದು ಅದನ್ನು ಹಿಡಿದಿಡುವ ಪದರಕ್ಕೆ. ಸೂಜಿಮೊನೆಯಷ್ಟು ತೂತಿದ್ದರೂ ಆವಿ ಅಲ್ಲಿಂದ ಹೊರಟುಹೋಗುತ್ತದೆ.

ನಡುವೆ ದಪ್ಪ, ಅಂಚಿನಲ್ಲಿ ತೆಳು ತಟ್ಟಿದ ರೊಟ್ಟಿ ಅಂಚಿನಲ್ಲಿ ಬೇಗ ಒಣಗಿ ಬಿರುಸಾಗಿ ನಡುವೆ ಹಸಿಯುಳಿಯುತ್ತದೆ. ಅಂಚು ನಡುವಿಗಿಂತ ಒಂದು ಎಳೆ ದಪ್ಪವಿದ್ದರೂ ಚಿಂತೆಯಿಲ್ಲ. ತಟ್ಟುವಾಗ ಉದುರಿಸುವ ಒಣ ಹಿಟ್ಟು ಮೇಲ್ಮೈಯಲ್ಲಿ ಉಳಿದರೆ ಅದು ನೀರನ್ನು ಹೀರಿ ಪದರವನ್ನು ಬಿರಿಯಿಸುತ್ತದೆ. ಕಾವಲಿಗೆ ಹಾಕಿದ ಕೂಡಲೇ ಮೇಲ್ಬದಿಗೆ ಒದ್ದೆ ಬಟ್ಟೆಯಿಂದ ನೀರು ಸವರುವ ನಮ್ಮ ಕಡೆಯ ಕ್ರಮವನ್ನು ಬಿಡಬೇಡಿ. ಆ ನೀರು ಒಣ ಹಿಟ್ಟನ್ನು ಬೇಯಿಸಿ, ಪದರದ ಸಣ್ಣ ಬಿರುಕುಗಳನ್ನು ಮುಚ್ಚುತ್ತದೆ. ಸವರಿದ ನೀರು ಆರುತ್ತಿದ್ದಂತೆ ಮಗುಚಿ. ಮೊದಲ ಬದಿ ಹೆಚ್ಚು ಹೊತ್ತು ಕಾದರೆ ಅದು ಗಟ್ಟಿಯಾಗಿ ಹಿಗ್ಗಲಾರದು, ಉಬ್ಬದ ರೊಟ್ಟಿಗಳಲ್ಲಿ ಅರ್ಧಕ್ಕರ್ಧ ಇದರಿಂದಲೇ ಆಗುತ್ತವೆ.

ಕಾವಲಿಯ ಕಾವನ್ನು ನೀರಿನ ಹನಿಯಿಂದ ತಿಳಿಯಬಹುದು. ಹನಿ ಸದ್ದಿಲ್ಲದೆ ನಿಂತು ನಿಧಾನವಾಗಿ ಆರಿದರೆ ಕಾವು ಸಾಲದು. ಹನಿ ಮುತ್ತಾಗಿ ಕಾವಲಿಯ ಮೇಲೆ ಓಡಾಡಿದರೆ ಶಾಖ 200 ಡಿಗ್ರಿಯ ಹತ್ತಿರವಿದೆ, ರೊಟ್ಟಿ ಬೇಯುವ ಮೊದಲೇ ಕಲೆ ಬೀಳುತ್ತದೆ. ಹನಿ ಚುರ್ರೆಂದು ಎರಡು ಮೂರು ಕ್ಷಣದಲ್ಲಿ ಮಾಯವಾಗುವುದು ಸರಿಯಾದ ಕಾವು. ಕೆಂಡವಿಲ್ಲದ ಮನೆಯಲ್ಲಿ ಗ್ಯಾಸ್ ಉರಿಯ ಮೇಲೆ ಬಲೆಯಿಟ್ಟು ಉಬ್ಬಿಸಬಹುದು, ಆದರೆ ಉರಿ ಒಂದೇ ಕಡೆ ತಾಗದಂತೆ ತಿರುಗಿಸುತ್ತಿರಬೇಕು.

ತಣಿದ ಮೇಲೆ ಬಿರುಸಾಗುವುದು

ಇದು ಹಿಟ್ಟಿನ ದೋಷವಲ್ಲ, ಅಕ್ಕಿಯ ಸ್ವಭಾವ. ಆದರೆ ತಗ್ಗಿಸಲು ಸಾಧ್ಯ. ಬೆಂದು ಸಡಿಲವಾದ ಪಿಷ್ಟದ ಎಳೆಗಳು ತಣಿಯುತ್ತ ಮತ್ತೆ ಸಾಲುಗಟ್ಟಿ ಬಿಗಿಯುತ್ತವೆ, ಒಳಗಿನ ನೀರನ್ನು ಹೊರದಬ್ಬುತ್ತವೆ. ಈ ಬಿಗಿಯುವಿಕೆ ಫ್ರಿಜ್ಜಿನ ಶಾಖದಲ್ಲಿ, ಅಂದರೆ 4 ಡಿಗ್ರಿಯ ಸುಮಾರಿನಲ್ಲಿ, ಎಲ್ಲಕ್ಕಿಂತ ವೇಗವಾಗಿ ನಡೆಯುತ್ತದೆ. ಆದ್ದರಿಂದ ಉಳಿದ ರೊಟ್ಟಿಯನ್ನು ಫ್ರಿಜ್ಜಿನಲ್ಲಿ ಇಡುವುದು ಅದನ್ನು ಬೇಗ ಕೆಡಿಸುವ ದಾರಿ. ಇಡಲೇಬೇಕಾದರೆ ಮೇಲಿನ ಹಿಮದ ಕಪಾಟಿನಲ್ಲಿ ಇಡಿ. ಕೆಂಡದಿಂದ ತೆಗೆದ ರೊಟ್ಟಿಯ ಆವಿಯನ್ನು ಒಂದು ಕ್ಷಣ ಹೋಗಲು ಬಿಟ್ಟು, ಬಟ್ಟೆ ಹಾಸಿದ ಬುಟ್ಟಿಯಲ್ಲಿ ಒಂದರ ಮೇಲೊಂದು ಜೋಡಿಸಿ ಮುಚ್ಚಿದರೆ ಎರಡು ಮೂರು ಗಂಟೆ ಮೃದುವಾಗಿರುತ್ತದೆ. ಬಿರುಸಾದದ್ದನ್ನು ಕಾವಲಿಯಲ್ಲಿ ಬಿಸಿ ಮಾಡಿದರೆ ಇನ್ನಷ್ಟು ಒಣಗುತ್ತದೆ. ಹಬೆಯಲ್ಲಿ ಎರಡು ನಿಮಿಷ ಇಟ್ಟರೆ ಎಳೆಗಳು ಮತ್ತೆ ಸಡಿಲವಾಗುತ್ತವೆ.

ಉಕ್ಕರಿಸುವ ನೀರಿಗೆ ಒಂದು ಚಮಚ ತುಪ್ಪ ಹಾಕುವುದು ಪ್ರಯೋಜನಕಾರಿ, ಜಿಡ್ಡು ಅಮೈಲೋಸಿನೊಡನೆ ಕೂಡಿಕೊಂಡು ಬಿಗಿಯುವುದನ್ನು ನಿಧಾನಿಸುತ್ತದೆ. ಹಿಂದಿನ ರಾತ್ರಿಯ ಅನ್ನವನ್ನು ಮೆತ್ತಗೆ ಹಿಸುಕಿ ಹಿಟ್ಟಿಗೆ ಸೇರಿಸುವ ಮಲೆನಾಡಿನ ರೂಢಿಯನ್ನು ನಾನು ಪರೀಕ್ಷಿಸಿದ್ದೇನೆ. ಪೂರ್ತಿ ಬೆಂದ ಪಿಷ್ಟವೊಂದು ಮೊದಲೇ ಸೇರಿಕೊಂಡಿರುವುದರಿಂದ ಉಕ್ಕರಿಸುವಲ್ಲಿ ಸ್ವಲ್ಪ ತಪ್ಪಿದರೂ ಹಿಟ್ಟು ಹಿಡಿದುಕೊಳ್ಳುತ್ತದೆ, ರೊಟ್ಟಿಯೂ ಮೃದು. ಹೊಸದಾಗಿ ಕಲಿಯುವವರಿಗೆ ನಾನು ಅನ್ನದ ರೊಟ್ಟಿಯನ್ನೇ ಮೊದಲು ಹೇಳಿಕೊಡುತ್ತೇನೆ: ಎರಡು ಲೋಟ ಹಿಟ್ಟಿಗೆ ಅರ್ಧ ಲೋಟ ಹಿಸುಕಿದ ಅನ್ನ, ಅನ್ನದ ತೇವಕ್ಕಾಗಿ ನೀರಿನಲ್ಲಿ ಎರಡು ಮೂರು ಚಮಚ ಕಡಿತ.

ಇದೇ ದೋಷ ಕಡುಬಿನಲ್ಲಿ

ಉಂಡೆ ಕಡುಬು ಮುರಿದು ಪುಡಿಯಾಗುವುದು, ಅಥವಾ ಹೊರಗೆ ಮೃದುವಾಗಿದ್ದು ಒಳಗೆ ಹರಳಿನಂತಿರುವುದು ಮೇಲೆ ಹೇಳಿದ ಕಾರಣದ್ದೇ ಇನ್ನೊಂದು ರೂಪ. ಕಡುಬಿಗೆ ಬಳಸುವುದು ಅಕ್ಕಿ ತರಿ. ಕಣ ದೊಡ್ಡದಾದ್ದರಿಂದ ಶಾಖ ಮತ್ತು ನೀರು ಒಳಗಿಳಿಯಲು ಹೆಚ್ಚು ಹೊತ್ತು ಬೇಕು, ನೀರೂ ಹೆಚ್ಚು ಬೇಕು; ಒಂದು ಲೋಟ ತರಿಗೆ ಎರಡು ಲೋಟ ನೀರು. ತರಿಯಲ್ಲಿ ನುಣ್ಣನೆಯ ಹಿಟ್ಟು ಬೆರೆತಿದ್ದರೆ ಅದು ಮೊದಲು ನೀರು ಕುಡಿದು ಗಂಜಿಯಾಗಿ, ತರಿಗೆ ಪಾಲು ಸಿಗದಂತೆ ಮಾಡುತ್ತದೆ. ಕಡುಬು ಅಂಟಂಟಾಗಿಯೂ ಒಳಗೆ ಹಸಿಯಾಗಿಯೂ ಇದ್ದರೆ ಇದೇ ಕಾರಣವೆಂದು ತಿಳಿದು ತರಿಯನ್ನು ಜರಡಿ ಹಿಡಿಯಿರಿ, ಬಾಣಲೆಯಲ್ಲಿ ಬೆಚ್ಚಗಾಗುವಷ್ಟು ಹುರಿದುಕೊಳ್ಳಿ.

ತರಿ ನೀರನ್ನೆಲ್ಲ ಹೀರಿದ ಮೇಲೆ ಉರಿ ಆರಿಸಿ ಹತ್ತು ನಿಮಿಷ ಮುಚ್ಚಿಡುವುದನ್ನು ಅವಸರದಲ್ಲಿ ಬಿಡುವವರೇ ಹೆಚ್ಚು. ಕೈ ತಾಳುವ ಬಿಸಿಯಿರುವಾಗಲೇ ಒದ್ದೆ ಅಂಗೈಯಲ್ಲಿ ಉಂಡೆ ಕಟ್ಟಿ. ತಣಿದ ಮೇಲೆ ಕಟ್ಟಿದ ಉಂಡೆಯ ಮೇಲ್ಮೈ ಬಿರಿದೇ ಇರುತ್ತದೆ, ಹಬೆಯಲ್ಲಿ ಆ ಬಿರುಕು ಅಗಲವಾಗುತ್ತದೆ. ಕಿತ್ತಳೆಗಿಂತ ಚಿಕ್ಕದಾಗಿ ಕಟ್ಟಿ, ನಡುವೆ ಹೆಬ್ಬೆರಳಿನಿಂದ ಒಂದು ಕುಳಿ ಮಾಡಿದರೆ ಹಬೆ ಬೇಗ ಒಳಮುಟ್ಟುತ್ತದೆ. ಹಬೆ ಪಾತ್ರೆಯ ನೀರು ಮೊದಲೇ ಕುದಿಯುತ್ತಿರಲಿ, ಅಲ್ಲಿಂದ 20 ನಿಮಿಷ. ಬೆಂದಿದೆಯೇ ಎಂದು ತಿಳಿಯಲು ಚಾಕು ಚುಚ್ಚುವುದಕ್ಕಿಂತ ಒಂದು ಕಡುಬನ್ನು ನಡುವೆ ಮುರಿದು ನೋಡುವುದು ಮೇಲು: ಒಳಗೆ ಸುಣ್ಣದಂತಹ ಬಿಳಿಯ ಬೊಟ್ಟು ಕಂಡರೆ ಇನ್ನೂ ಐದು ನಿಮಿಷ ಬೇಯಬೇಕು, ಬಣ್ಣ ಅಂಚಿನಿಂದ ನಡುವಿನವರೆಗೆ ಒಂದೇ ಆಗಿದ್ದರೆ ಇಳಿಸಿ ಕಾಯಿ ಚಟ್ನಿಯೊಡನೆ ಬಡಿಸಿ.